ಸೌತ್ ಜಾರ್ಜಿಯಾದ ಕೊನೆಯ ಇಲಿ

ಹುಲ್ಲಿನ ಬುಡದಲ್ಲಿ ಗೂಡು ಕಟ್ಟುವ ಹಕ್ಕಿಗೆ ಇಲಿಯಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ. ಬೆಕ್ಕು, ಹಾವು, ಮುಂಗುಸಿ ಓಡಾಡುವ ಕಡೆ ಹುಟ್ಟಿದ ಹಕ್ಕಿಯಾದರೆ ಸ್ವಲ್ಪ ಹುಷಾರಾಗಿರುತ್ತದೆ. ಕೊಂಬೆಯ ತುದಿಯಲ್ಲೋ ಮುಳ್ಳುಪೊದೆಯ ಒಳಗೋ ಮೊಟ್ಟೆ ಇಡುತ್ತದೆ. ಸೌತ್ ಜಾರ್ಜಿಯಾದ ಪಿಪಿಟ್‌ಗೆ ಅಂಥ ಅಭ್ಯಾಸ ಬೆಳೆಯುವ ಪ್ರಸಂಗವೇ ಬರಲಿಲ್ಲ. ಆ ದ್ವೀಪದಲ್ಲಿ ಮರವೇ ಇಲ್ಲ. ನೆಲದ ಮೇಲೆ ನಡೆದು ಬಂದು ಮೊಟ್ಟೆ ಕದಿಯುವ ಪ್ರಾಣಿಯೂ ಇರಲಿಲ್ಲ. ಎದೆಮಟ್ಟ ಬೆಳೆಯುವ ಟಸಾಕ್ ಹುಲ್ಲಿನ ಬುಡದಲ್ಲಿ ಒಣ ಎಲೆ ಸೇರಿಸಿ ಗೂಡು ಮಾಡಿಕೊಂಡು, ಹುಳ ಹುಪ್ಪಟೆ ತಿಂದುಕೊಂಡು, ಸಾವಿರಾರು ವರ್ಷ ಅದು ನೆಮ್ಮದಿಯಾಗಿ ಬದುಕಿತ್ತು.

ಪಿಪಿಟ್ ನಮಗೆ ಹೊಸ ಹಕ್ಕಿಯೇನಲ್ಲ. ಗದ್ದೆಯ ಬದುವಿನಲ್ಲಿ, ಮೈದಾನದ ಒಣಹುಲ್ಲಿನಲ್ಲಿ ಬಾಲ ಕುಣಿಸುತ್ತಾ ಓಡುವ ಗುಬ್ಬಿಯಂಥ ಕಂದು ಹಕ್ಕಿಯನ್ನು ನೀವೂ ನೋಡಿರುತ್ತೀರಿ. ಅದೇ ಕುಲದ ಹಕ್ಕಿ ಇದು. ಆದರೆ ಈ ಜಾತಿ ಸೌತ್ ಜಾರ್ಜಿಯಾ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಅಂಟಾರ್ಕ್ಟಿಕ್ ವಲಯದಲ್ಲಿ ವಾಸ ಮಾಡುವ ಒಂದೇ ಹಾಡುಹಕ್ಕಿ ಇದು. ಪೆಂಗ್ವಿನ್‌ಗಳ ಗದ್ದಲ, ಸೀಲ್‌ಗಳ ಗುಟುರು, ಗಾಳಿಯ ಅಬ್ಬರ ಮಾತ್ರ ಕೇಳುವ ಜಾಗದಲ್ಲಿ ಒಂದು ಪುಟ್ಟ ಹಕ್ಕಿ ಆಕಾಶಕ್ಕೆ ಏರಿ ಹಾಡುತ್ತದೆ. ಅದರ ಹಾಡಿನ ಧ್ವನಿಮುದ್ರಣವನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಆ ದ್ವೀಪ ಎಲ್ಲಿದೆ ಅಂದರೆ, ದಕ್ಷಿಣ ಅಮೆರಿಕದ ತುದಿಯ ಪಕ್ಕದ ಫಾಕ್ಲೆಂಡ್ ದ್ವೀಪಗಳಿಂದ ಇನ್ನೂ ಸುಮಾರು 1,400 ಕಿಲೋಮೀಟರ್ ಪೂರ್ವಕ್ಕೆ ಹೋಗಬೇಕು. ವಿಮಾನ ನಿಲ್ದಾಣ ಇಲ್ಲ. ಹಡಗಿನಲ್ಲೇ ಹೋಗಬೇಕು, ಅದೂ ದಿನಗಟ್ಟಲೆ. ಬ್ರಿಟನ್ ಆಡಳಿತದಲ್ಲಿದೆ, ಅರ್ಜೆಂಟೀನಾ ಕೂಡ ಅದು ತನ್ನದು ಅನ್ನುತ್ತದೆ. ಸಂಶೋಧನಾ ಕೇಂದ್ರದ ಕೆಲವು ಜನ, ಒಂದಿಬ್ಬರು ಅಧಿಕಾರಿಗಳು ಬಿಟ್ಟರೆ ಅಲ್ಲಿ ಮನೆ ಮಾಡಿಕೊಂಡವರು ಯಾರೂ ಇಲ್ಲ. ಉದ್ದ ಸುಮಾರು 170 ಕಿಲೋಮೀಟರ್, ಅಗಲ ಕಡಿಮೆ. ನಡುವೆ ಬೆನ್ನುಮೂಳೆಯ ಹಾಗೆ ಪರ್ವತಗಳು. ಅದರಲ್ಲಿ ಎತ್ತರದ್ದಾದ ಮೌಂಟ್ ಪ್ಯಾಜೆಟ್ 2,900 ಮೀಟರ್ ದಾಟುತ್ತದೆ. ಅರ್ಧಕ್ಕಿಂತ ಜಾಸ್ತಿ ನೆಲ ವರ್ಷವಿಡೀ ಮಂಜುಗಡ್ಡೆಯ ಅಡಿಯಲ್ಲೇ ಇರುತ್ತದೆ.

ಇಲ್ಲೊಂದು ವಿಷಯ ನನಗೆ ಯಾವಾಗಲೂ ಆಶ್ಚರ್ಯ ಹುಟ್ಟಿಸುತ್ತದೆ. ಸೌತ್ ಜಾರ್ಜಿಯಾ ಇರುವುದು ಸುಮಾರು 54 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ. ಉತ್ತರದ ಕಡೆ ಅಷ್ಟೇ ದೂರದಲ್ಲಿ ಇಂಗ್ಲೆಂಡಿನ ಊರುಗಳಿವೆ, ಅಲ್ಲಿ ಗುಲಾಬಿ ಬೆಳೆಯುತ್ತದೆ. ಇಲ್ಲಿ ಹಿಮನದಿಗಳು ಸಮುದ್ರಕ್ಕೇ ಇಳಿಯುತ್ತವೆ. ಅಂಟಾರ್ಕ್ಟಿಕಾವನ್ನು ಸುತ್ತುವ ತಣ್ಣೀರು ಉತ್ತರದ ಬೆಚ್ಚಗಿನ ನೀರನ್ನು ಸಂಧಿಸುವ ಒಂದು ಗೆರೆ ಇದೆ. ದ್ವೀಪ ಆ ಗೆರೆಗಿಂತ ದಕ್ಷಿಣದಲ್ಲಿ, ತಣ್ಣೀರಿನ ಕಡೆಗೇ ಬಿದ್ದಿದೆ. ಆ ತಣ್ಣೀರು ಬರಿಗೈಯಲ್ಲಿ ಬರುವುದಿಲ್ಲ. ಸೀಗಡಿಯಂಥ ಕ್ರಿಲ್ ಎಂಬ ಪುಟ್ಟ ಜೀವಿಗಳನ್ನು ರಾಶಿ ರಾಶಿಯಾಗಿ ತರುತ್ತದೆ. ತಿಮಿಂಗಿಲ, ಸೀಲ್, ಪೆಂಗ್ವಿನ್, ಆಲ್ಬಟ್ರಾಸ್ ಎಲ್ಲದರ ಊಟವೂ ಅಲ್ಲಿಂದಲೇ, ನೇರವಾಗಿ ಇಲ್ಲವೇ ಸುತ್ತಿಬಳಸಿ. ಸೇಂಟ್ ಆಂಡ್ರ್ಯೂಸ್ ಬೇ ಎಂಬ ಒಂದೇ ಕಡಲತೀರದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜೋಡಿ ಕಿಂಗ್ ಪೆಂಗ್ವಿನ್‌ಗಳು ಮರಿ ಮಾಡುತ್ತವೆ ಅಂದರೆ ಆ ಸಮುದ್ರದ ಸಮೃದ್ಧಿ ಎಂಥದ್ದು ಅಂತ ಊಹಿಸಿ.

ಇಷ್ಟು ದೂರ, ಇಷ್ಟು ಚಳಿ. ಮನುಷ್ಯ ಇಲ್ಲಿಗೆ ಬಂದು ಏನು ಹಾಳು ಮಾಡಿಯಾನು ಅಂತ ಅನ್ನಿಸುತ್ತದೆ ಅಲ್ವಾ? ಬಂದ, ಮಾಡಿದ. ಅದೂ ಬಹಳ ಬೇಗ.

ಕ್ಯಾಪ್ಟನ್ ಜೇಮ್ಸ್ ಕುಕ್ ಇಲ್ಲಿ ಇಳಿದದ್ದು 1775ರ ಜನವರಿಯಲ್ಲಿ. ಅವನಿಗೆ ಈ ನೆಲ ಒಂಚೂರೂ ಇಷ್ಟವಾಗಲಿಲ್ಲ. ದಕ್ಷಿಣದ ದೊಡ್ಡ ಖಂಡ ಸಿಕ್ಕಿತು ಅಂದುಕೊಂಡವನು ಕೊನೆಗೆ ಇದು ಬರೀ ದ್ವೀಪ ಅಂತ ತಿಳಿದು, ಅದರ ತುದಿಗೆ ನಿರಾಶೆಯ ಭೂಶಿರ ಅನ್ನುವ ಹೆಸರಿಟ್ಟು ಹೋದ. ಆದರೆ ಸೀಲ್‌ಗಳು ಬೇಕಾದಷ್ಟಿವೆ ಅಂತ ಅವನು ಬರೆದದ್ದು ವ್ಯಾಪಾರಿಗಳ ಕಿವಿಗೆ ಬಿತ್ತು. 1786ರಿಂದ ಸೀಲ್ ಬೇಟೆಗಾರರ ಹಡಗುಗಳು ಬರತೊಡಗಿದವು. 1800ರ ಹೊತ್ತಿಗೆ ಒಂದೇ ಅಮೆರಿಕನ್ ಹಡಗು ಒಂದೇ ಸಲಕ್ಕೆ 57,000 ಫರ್ ಸೀಲ್ ಚರ್ಮ ಹೊತ್ತೊಯ್ದಿತು. ಅದಕ್ಕೆ ಚೀನಾದ ಕ್ಯಾಂಟನ್ ಪೇಟೆಯಲ್ಲಿ ಗಿರಾಕಿ ಇತ್ತು. 1820ರ ದಶಕದ ಆರಂಭದ ಹೊತ್ತಿಗೆ ಈ ದ್ವೀಪದಿಂದ ಸುಮಾರು 12 ಲಕ್ಷ ಚರ್ಮ ಹೋಗಿದೆ ಅಂತ ಜೇಮ್ಸ್ ವೆಡೆಲ್ ಎಂಬ ನಾವಿಕ ಅಂದಾಜು ಮಾಡಿದ. ಫರ್ ಸೀಲ್ ಹೆಚ್ಚುಕಡಿಮೆ ಮುಗಿದೇ ಹೋಯಿತು. ಕುಕ್ ಬಂದು ಹೋಗಿ ಆಗಿನ್ನೂ ಐವತ್ತು ವರ್ಷವೂ ಆಗಿರಲಿಲ್ಲ.

ಆ ಹಡಗುಗಳು ಚರ್ಮ ಒಯ್ದು, ಇಲಿಗಳನ್ನು ಬಿಟ್ಟುಹೋದವು.

ಇಲಿಗಳಿಗೆ ಸೌತ್ ಜಾರ್ಜಿಯಾ ಹಬ್ಬವಾಯಿತು. ಪಿಪಿಟ್ ಒಂದೇ ಅಲ್ಲ, ನೆಲದಲ್ಲಿ ಬಿಲ ತೋಡಿ ಮೊಟ್ಟೆ ಇಡುವ ಪೆಟ್ರೆಲ್, ಪ್ರಿಯಾನ್ ಥರದ ಕಡಲಹಕ್ಕಿಗಳೂ ಲಕ್ಷಾಂತರ ಇದ್ದವು. ಇವು ಬಿಲದಲ್ಲಿ ಅಡಗುವುದು ಸ್ಕೂವಾದಂಥ ಹಾರುವ ಬೇಟೆಗಾರರಿಂದ ತಪ್ಪಿಸಿಕೊಳ್ಳಲು. ಬಿಲದೊಳಗೇ ನುಗ್ಗುವ ಪ್ರಾಣಿಯ ಮುಂದೆ ಆ ಉಪಾಯ ನಡೆಯಲಿಲ್ಲ. ತಂದೆ ತಾಯಿ ದಿನಗಟ್ಟಲೆ ಸಮುದ್ರದಲ್ಲಿದ್ದಾಗ ಒಳಗಿನ ಮರಿ ಇಲಿಗೆ ತುತ್ತು. ಇಲಿ ಹರಡಿದ ಕರಾವಳಿಯಲ್ಲೆಲ್ಲ ಪಿಪಿಟ್ ಇಲ್ಲವಾಯಿತು. ಸುತ್ತಲಿನ ಚಿಕ್ಕ ದ್ವೀಪಗಳಲ್ಲಿ, ಇಲಿ ಹೋಗಲಾಗದ ಮೂಲೆಗಳಲ್ಲಿ ಮಾತ್ರ ಅದು ಉಳಿಯಿತು.

ಇದಕ್ಕೆ ಸಾಕ್ಷಿ ಬೇಕಿದ್ದರೆ ಬರ್ಡ್ ಐಲೆಂಡ್ ನೋಡಬೇಕು. ದ್ವೀಪದ ವಾಯವ್ಯ ತುದಿಯ ಆಚೆ, ಸುಮಾರು ಅರ್ಧ ಕಿಲೋಮೀಟರ್ ಅಗಲದ ನೀರಿನ ಆ ಬದಿಗೆ ಇರುವ ಸಣ್ಣ ತುಂಡು ನೆಲ ಅದು. ಆ ಅರ್ಧ ಕಿಲೋಮೀಟರ್ ನೀರನ್ನು ಇಲಿ ದಾಟಲಿಲ್ಲ. ಅಲ್ಲಿ ಪಿಪಿಟ್ ಉಳಿಯಿತು, ಬಿಲದ ಹಕ್ಕಿಗಳು ಉಳಿದವು. ಹತ್ತಿರತ್ತಿರ ಮುಗಿದೇಹೋಗಿದ್ದ ಫರ್ ಸೀಲ್ ಕೂಡ 1930ರ ದಶಕದಲ್ಲಿ ಮತ್ತೆ ಕಣ್ಣಿಗೆ ಬಿದ್ದದ್ದು ಅದೇ ಕಡೆ. ದೊಡ್ಡ ದ್ವೀಪ ಮೊದಲು ಹೇಗಿತ್ತು ಅಂತ ತಿಳಿಯಲು ಈ ಚಿಕ್ಕ ದ್ವೀಪ ಒಂದು ಉಳಿದಿರದಿದ್ದರೆ, ಕಳೆದುಕೊಂಡದ್ದು ಏನು ಅನ್ನುವುದೂ ನಮಗೆ ಪೂರ್ತಿ ಗೊತ್ತಾಗುತ್ತಿರಲಿಲ್ಲ.

ಇಲಿ ಓಡಿಸುವುದು ಎಷ್ಟು ಕಷ್ಟ ಅಂತ ಅಡಿಕೆ, ಭತ್ತ ಶೇಖರಿಸಿಡುವ ಯಾರನ್ನು ಕೇಳಿದರೂ ಹೇಳುತ್ತಾರೆ. ಹತ್ತು ಸತ್ತವು ಅಂತ ಖುಷಿ ಪಡುವ ಹೊತ್ತಿಗೆ ಇಪ್ಪತ್ತು ಹುಟ್ಟಿರುತ್ತವೆ. ದ್ವೀಪದಲ್ಲೂ ಲೆಕ್ಕ ಅದೇ. ನೂರರಲ್ಲಿ ತೊಂಬತ್ತೊಂಬತ್ತು ಸತ್ತರೂ ಪ್ರಯೋಜನವಿಲ್ಲ. ಗಬ್ಬದ ಒಂದು ಹೆಣ್ಣಿಲಿ ಉಳಿದರೆ ಸಾಕು, ಕೆಲವೇ ವರ್ಷದಲ್ಲಿ ಮತ್ತೆ ಮೊದಲಿನಂತೆ. ಹಾಕಿದ ದುಡ್ಡು, ಪಟ್ಟ ಶ್ರಮ ಎಲ್ಲ ನೀರುಪಾಲು. ಕೊನೆಯ ಇಲಿಯನ್ನೂ ಬಿಡಬಾರದು. ಅಷ್ಟು ಮಾಡಲು ಆಗುವುದಿಲ್ಲ ಅಂದರೆ ಶುರುವನ್ನೇ ಮಾಡಬಾರದು.

ಶುರು ಮಾಡಿದವರು ಸರ್ಕಾರದವರಲ್ಲ ಅನ್ನುವುದು ನನಗೆ ದೊಡ್ಡ ಸಂಗತಿ. ಸೌತ್ ಜಾರ್ಜಿಯಾ ಹೆರಿಟೇಜ್ ಟ್ರಸ್ಟ್ ಎಂಬ ಸ್ಕಾಟ್ಲೆಂಡಿನ ಒಂದು ಚಿಕ್ಕ ಸಂಸ್ಥೆ ಹೊಣೆ ಹೊತ್ತಿತು. ಜನರಿಂದ ಚಂದಾ ಎತ್ತಿತು. ಒಟ್ಟು ಸುಮಾರು 1 ಕೋಟಿ ಪೌಂಡ್ ಖರ್ಚಾಯಿತು. ಟೋನಿ ಮಾರ್ಟಿನ್ ಎಂಬ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರು ಮುಂದೆ ನಿಂತರು. ಅದಕ್ಕೆ ಮೊದಲು ಹೀಗೆ ಇಲಿಯಿಂದ ಬಿಡಿಸಲು ಕೈಹಾಕಿದ್ದ ದ್ವೀಪಗಳಲ್ಲೇ ದೊಡ್ಡದು ಆಸ್ಟ್ರೇಲಿಯಾದ ಮ್ಯಾಕ್ವಾರಿ, ಸುಮಾರು 128 ಚದರ ಕಿಲೋಮೀಟರ್. ಸೌತ್ ಜಾರ್ಜಿಯಾದಲ್ಲಿ ಪಾಷಾಣ ಹಾಕಬೇಕಾಗಿದ್ದ ಜಾಗ ಸಾವಿರ ಚದರ ಕಿಲೋಮೀಟರಿಗೂ ಜಾಸ್ತಿ.

ಅಷ್ಟು ದೊಡ್ಡ ಜಾಗವನ್ನು ಒಂದೇ ಸಲ ಮುಗಿಸಲು ಆಗುತ್ತಿರಲಿಲ್ಲ. ಅವರಿಗೆ ನೆರವಾದದ್ದು ಹಿಮನದಿಗಳು. ಸಮುದ್ರದವರೆಗೆ ಚಾಚಿದ ಮಂಜಿನ ನಾಲಿಗೆಗಳನ್ನು ಇಲಿ ದಾಟುವುದಿಲ್ಲ, ಅಲ್ಲಿ ತಿನ್ನಲು ಏನೂ ಇಲ್ಲ. ಹಾಗಾಗಿ ಒಂದೇ ದ್ವೀಪದ ಇಲಿಗಳು ಬೇರೆ ಬೇರೆ ತುಂಡುಗಳಲ್ಲಿ ಬೇಲಿ ಹಾಕಿಕೊಂಡಂತೆ ಇದ್ದವು. ಒಂದು ತುಂಡನ್ನು ಶುಚಿ ಮಾಡಿ, ಎರಡು ವರ್ಷ ಬಿಟ್ಟು ಪಕ್ಕದ್ದಕ್ಕೆ ಹೋದರೂ ಹಿಂದಿನದಕ್ಕೆ ಇಲಿ ನುಗ್ಗುವ ಭಯ ಇಲ್ಲ. ಆದರೆ ಭೂಮಿ ಬಿಸಿಯಾಗುತ್ತಿದೆ. ಹಿಮನದಿಗಳು ಕಡಲಿನಿಂದ ಹಿಂದೆ ಸರಿಯುತ್ತಿವೆ. ನ್ಯೂಮೇಯರ್ ಹಿಮನದಿಯಂಥವು ಕಿಲೋಮೀಟರುಗಟ್ಟಲೆ ಕುಗ್ಗಿವೆ. ಒಂದು ಸಲ ಮಂಜು ಸರಿದು ಕಡಲತೀರ ಬಯಲಾಯಿತೆಂದರೆ ಬೇಲಿ ಮುರಿದಂತೆಯೇ. ಎಲ್ಲ ಇಲಿಗಳೂ ಒಂದಾದ ಮೇಲೆ ಈ ಕೆಲಸ ಯಾರಿಂದಲೂ ಆಗುತ್ತಿರಲಿಲ್ಲ. ಆಮೇಲೆ ನೋಡೋಣ ಅಂತ ಮುಂದೂಡಲು ಅವರಿಗೆ ಅವಕಾಶವೇ ಇರಲಿಲ್ಲ.

2011, 2013, 2015. ಮೂರು ಕಂತಿನಲ್ಲಿ ಕೆಲಸ ನಡೆಯಿತು. ಬೇಸಿಗೆ ಮುಗಿದು ಚಳಿ ಏರುವ ತಿಂಗಳುಗಳನ್ನೇ ಆರಿಸಿಕೊಂಡರು. ಆಗ ಇಲಿಗೆ ಊಟ ಕಡಿಮೆ, ಮರಿ ಹಾಕುವುದು ನಿಂತಿರುತ್ತದೆ, ಬಹಳ ಹಕ್ಕಿಗಳು ಸಮುದ್ರಕ್ಕೆ ಹೊರಟುಹೋಗಿರುತ್ತವೆ. ಹೆಲಿಕಾಪ್ಟರಿನ ಕೆಳಗೆ ದೊಡ್ಡ ಬಕೆಟ್ ನೇತುಹಾಕಿದ್ದರು. ಅದರ ತಳದಲ್ಲಿ ತಿರುಗುವ ತಟ್ಟೆ. ಧಾನ್ಯದ ಹಿಟ್ಟಿಗೆ ಬ್ರೋಡಿಫಾಕೂಮ್ ಎಂಬ ಪಾಷಾಣ ಸೇರಿಸಿ ಮಾಡಿದ ಚಿಕ್ಕ ಉಂಡೆಗಳನ್ನು ಆ ತಟ್ಟೆ ಎರಡೂ ಬದಿಗೆ ಚಿಮ್ಮುತ್ತದೆ. ಪೈಲಟ್ ಜಿಪಿಎಸ್ ತೋರಿಸುವ ಗೆರೆ ಬಿಟ್ಟು ಆಚೀಚೆ ಹೋಗುವಂತಿಲ್ಲ. ಒಂದು ಪಟ್ಟಿಯ ಅಂಚಿನ ಮೇಲೆ ಮುಂದಿನ ಪಟ್ಟಿ ಹತ್ತಬೇಕು. ನಡುವೆ ಒಂದು ಇಲಿ ಸುತ್ತಾಡುವಷ್ಟು ಜಾಗ ಖಾಲಿ ಬಿದ್ದರೂ ಎಲ್ಲ ವ್ಯರ್ಥ. ಗಾಳಿ ಎದ್ದರೆ ದಿನಗಟ್ಟಲೆ ಸುಮ್ನೆ ಕಾಯಬೇಕು. ಕಡಿದಾದ ಬಂಡೆ, ಕಲ್ಲುಗುಡ್ಡೆ, ಪಾಳುಬಿದ್ದ ತಿಮಿಂಗಿಲ ಕಾರ್ಖಾನೆಗಳ ಸಂದುಗೊಂದು, ಯಾವುದನ್ನೂ ಬಿಡಲಿಲ್ಲ. ಒಟ್ಟು ಸುಮಾರು 300 ಟನ್ ಉಂಡೆ ಬಿತ್ತು.

ಪಾಷಾಣ ಅಂದಮೇಲೆ ಬೇರೆ ಜೀವಗಳೂ ಹೋಗುತ್ತವೆ. ಹೋದವು. ಸತ್ತ ಇಲಿ ತಿಂದ ಸ್ಕೂವಾಗಳು, ಉಂಡೆಯನ್ನೇ ತಿಂದ ಪಿನ್‌ಟೇಲ್ ಬಾತುಗಳು ಸತ್ತವು. ಈ ಪಾಷಾಣ ನಿಧಾನ, ಇಲಿ ಬಿಲಕ್ಕೆ ಹೋಗಿ ಒಳಗೇ ಸಾಯುವುದು ಜಾಸ್ತಿ. ಅದರಿಂದ ನಷ್ಟ ಸ್ವಲ್ಪ ತಗ್ಗಿತು, ಆದರೆ ಪೂರ್ತಿ ತಪ್ಪಲಿಲ್ಲ. ನನಗೆ ಈ ಭಾಗ ಓದುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಇಲಿಯೂ ಜೀವವೇ, ಅದು ತಾನಾಗಿ ಬಂದದ್ದೂ ಅಲ್ಲ. ಆದರೂ ನಾನು ಆ ಕೆಲಸದ ಪರವಾಗಿಯೇ ಇದ್ದೇನೆ. ಮಾಡದೆ ಬಿಟ್ಟಿದ್ದರೆ ಪ್ರತಿ ವರ್ಷವೂ ಬಿಲಗಳಲ್ಲಿ ಮರಿಗಳು ಸಾಯುತ್ತಲೇ ಇರುತ್ತಿದ್ದವು, ಅದನ್ನು ಯಾರೂ ಎಣಿಸುತ್ತಲೂ ಇರಲಿಲ್ಲ. ಸತ್ತ ಸ್ಕೂವಾ, ಬಾತುಗಳ ಜಾಗವನ್ನು ಉಳಿದವು ಕೆಲವೇ ವರ್ಷದಲ್ಲಿ ತುಂಬಿದವು.

ಇದರ ನಡುವೆಯೇ ಹಿಮಸಾರಂಗಗಳ ಪ್ರಶ್ನೆಯೂ ಇತ್ತು. ನಾರ್ವೆಯ ತಿಮಿಂಗಿಲ ಬೇಟೆಗಾರರು ಮಾಂಸಕ್ಕೆ ಅಂತ 1911ರಲ್ಲಿ ತಂದುಬಿಟ್ಟಿದ್ದವು ಅವು. ಟಸಾಕ್ ಹುಲ್ಲನ್ನು ಮೇದು, ತುಳಿದು, ನೆಲವನ್ನು ಬೋಳು ಮಾಡಿದ್ದವು. ಪಾಷಾಣದ ಉಂಡೆಯನ್ನೂ ತಿಂದುಬಿಡುತ್ತಿದ್ದವು. 2013ರಿಂದ ಎರಡು ವರ್ಷಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಹಿಮಸಾರಂಗಗಳನ್ನು ತೆಗೆದರು. ಅವನ್ನು ಒಟ್ಟುಗೂಡಿಸಲು ನಾರ್ವೆಯಿಂದ ಸಾಮಿ ಎಂಬ ಬುಡಕಟ್ಟಿನ ಹಿಮಸಾರಂಗ ಸಾಕುವವರೇ ಬಂದಿದ್ದರು. ಅದಕ್ಕೂ ಮೊದಲೇ, 2001ರಲ್ಲಿ, ತಳಿ ಉಳಿಯಲಿ ಅಂತ ಕೆಲವು ಕರುಗಳನ್ನು ಫಾಕ್ಲೆಂಡ್‌ಗೆ ಸಾಗಿಸಿದ್ದರು.

ಪಾಷಾಣ ಹಾಕಿದ ಮೇಲೆ ಇಲಿ ಇಲ್ಲ ಅಂತ ಹೇಳುವುದು ಹೇಗೆ? ಇಲ್ಲದ್ದನ್ನು ಹುಡುಕುವುದು ಇರುವುದನ್ನು ಕೊಲ್ಲುವುದಕ್ಕಿಂತ ಕಷ್ಟ. ಎರಡು ವರ್ಷ ಬಿಟ್ಟು, 2017ರ ಕೊನೆಗೆ ಒಂದು ತಂಡ ಹೋಯಿತು. ಇಲಿ ಕಚ್ಚಿದರೆ ಹಲ್ಲಿನ ಗುರುತು ಬೀಳುವ ಮೇಣದ ತುಂಡುಗಳು, ಕಾಲಿನ ಗುರುತು ಹಿಡಿಯುವ ಶಾಯಿ ಹಚ್ಚಿದ ಕೊಳವೆಗಳು, ಕ್ಯಾಮೆರಾಗಳು, ಹೀಗೆ ಸಾವಿರಾರು ಸಾಧನಗಳನ್ನು ಕರಾವಳಿಯುದ್ದಕ್ಕೂ ಇಟ್ಟರು. ಜೊತೆಗೆ ಮೂರು ನಾಯಿಗಳು. ಇಲಿಯ ವಾಸನೆ ಹಿಡಿಯಲೆಂದೇ ಪಳಗಿಸಿದವು. ನಾಯಿಗಳನ್ನು ನಡೆಸಿದ ಇಬ್ಬರು ಹೆಂಗಸರು ಹುಲ್ಲು, ಕೆಸರು, ಮಂಜಿನ ಮೇಲೆ ಸಾವಿರ ಕಿಲೋಮೀಟರಿಗೂ ಹೆಚ್ಚು ನಡೆದರು. ಒಂದೇ ಒಂದು ಇಲಿಯ ಸುಳಿವೂ ಸಿಗಲಿಲ್ಲ. 2018ರ ಮೇ ತಿಂಗಳಲ್ಲಿ ದ್ವೀಪ ಇಲಿಮುಕ್ತ ಅಂತ ಘೋಷಿಸಿದರು. ಇಲಿ ಬಂದು ಇನ್ನೂರು ವರ್ಷ ದಾಟಿತ್ತು.

ಪಿಪಿಟ್ ಘೋಷಣೆಗೆ ಕಾಯಲಿಲ್ಲ. ಪಾಷಾಣ ಬಿದ್ದ ಕಡೆಗಳಲ್ಲಿ ಕೆಲವೇ ತಿಂಗಳಿಗೆ ಅದು ಮತ್ತೆ ಕಾಣಿಸಿಕೊಂಡಿತ್ತು. ಆಮೇಲೆ ಗೂಡು, ಮೊಟ್ಟೆ, ಮರಿ. ಈಗ ಗ್ರಿಟ್ವಿಕನ್‌ನ ಪಾಳು ಕಾರ್ಖಾನೆಯ ಸುತ್ತಮುತ್ತಲೂ ಅದರ ಹಾಡು ಕೇಳುತ್ತದೆ.

ಗ್ರಿಟ್ವಿಕನ್ ಅಂದರೆ 1904ರಲ್ಲಿ ನಾರ್ವೆಯ ಕಾರ್ಲ್ ಆಂಟನ್ ಲಾರ್ಸೆನ್ ಕಟ್ಟಿದ ತಿಮಿಂಗಿಲ ಕಾರ್ಖಾನೆ. ದ್ವೀಪದಲ್ಲಿ ಅಂಥವು ಇನ್ನೂ ಕೆಲವು ಎದ್ದವು. ಕೊನೆಯದು ಮುಚ್ಚಿದ್ದು 1965ರಲ್ಲಿ. ಅಷ್ಟರಲ್ಲಿ ಇಲ್ಲಿ ಕುಯ್ದ ತಿಮಿಂಗಿಲಗಳು 1,75,000ಕ್ಕೂ ಹೆಚ್ಚು. ಕುದಿಸಿ ಎಣ್ಣೆ ತೆಗೆದರು. ಸೋಪಿಗೆ, ಮಾರ್ಗರಿನ್‌ಗೆ, ಯುದ್ಧಕಾಲದಲ್ಲಿ ಸ್ಫೋಟಕಕ್ಕೆ. ಸತ್ತ ನೀಲಿ ತಿಮಿಂಗಿಲಗಳೇ ನಲವತ್ತು ಸಾವಿರ ದಾಟುತ್ತವೆ. ಅದಾಗಿ ದಶಕಗಳ ಕಾಲ ವಿಜ್ಞಾನಿಗಳು ಹುಡುಕಿದರೂ ಇಲ್ಲಿ ನೀಲಿ ತಿಮಿಂಗಿಲ ಕಾಣುವುದೇ ಅಪರೂಪವಾಗಿತ್ತು. 2020ರ ಸಮೀಕ್ಷೆಯಲ್ಲಿ 55 ಕಂಡವು. ಆ ಸುದ್ದಿ ಓದಿದ ದಿನ ನನಗೆ ಯಾರಿಗಾದರೂ ಫೋನ್ ಮಾಡಿ ಹೇಳಬೇಕು ಅನ್ನಿಸಿತ್ತು. ಇಲ್ಲಿ ಯಾರೂ ಪಾಷಾಣ ಚೆಲ್ಲಬೇಕಾಗಲಿಲ್ಲ, ನಾಯಿ ನಡೆಸಬೇಕಾಗಲಿಲ್ಲ. ಕೊಲ್ಲುವುದನ್ನು ನಿಲ್ಲಿಸಿದ್ದಷ್ಟೇ. ಫರ್ ಸೀಲ್ ಕೂಡ ಹಾಗೆಯೇ ತಾನಾಗಿ ಚೇತರಿಸಿಕೊಂಡು 2009ರ ಹೊತ್ತಿಗೆ 35 ಲಕ್ಷದಷ್ಟಾಗಿತ್ತು. ಆಮೇಲೆ ಇಳಿಯುತ್ತಿದೆ. ಸಮುದ್ರ ಬೆಚ್ಚಗಾಗಿ ಕ್ರಿಲ್ ಸಿಗುವುದು ಕಡಿಮೆಯಾಗಿರುವುದು ಒಂದು ಮುಖ್ಯ ಕಾರಣ ಅನ್ನುತ್ತಾರೆ.

ಆಲ್ಬಟ್ರಾಸ್ ವಿಷಯಕ್ಕೆ ಬಂದರೆ ಮಾತು ಭಾರವಾಗುತ್ತದೆ. ವಾಂಡರಿಂಗ್ ಆಲ್ಬಟ್ರಾಸ್ ರೆಕ್ಕೆ ಬಿಚ್ಚಿದರೆ ಮೂರು ಮೀಟರಿಗೂ ಜಾಸ್ತಿ ಅಗಲ. ಎರಡು ವರ್ಷಕ್ಕೆ ಒಂದೇ ಮೊಟ್ಟೆ. ಎರಡು ತಿಂಗಳು ದಾಟಿ ಕಾವು ಕೂರಬೇಕು. ಮರಿ ಹಾರಲು ಇನ್ನೂ ಸುಮಾರು ಒಂಬತ್ತು ತಿಂಗಳು. ಚಳಿಗಾಲವಿಡೀ ಅದು ಮಂಜು ಮುಚ್ಚಿದ ಗೂಡಿನಲ್ಲಿ ಒಂಟಿಯಾಗಿ ಕೂತಿರುತ್ತದೆ. ಆ ಮರಿ ತಾನು ಮೊಟ್ಟೆ ಇಡುವ ವಯಸ್ಸಿಗೆ ಬರಲು ಹತ್ತು ವರ್ಷದ ಆಸುಪಾಸು ಬೇಕು. ಇಂಥ ಹಕ್ಕಿಯಲ್ಲಿ ಒಂದು ದೊಡ್ಡದು ಸತ್ತರೂ ನಷ್ಟ ತುಂಬಲು ಬಹಳ ಕಾಲ ಹಿಡಿಯುತ್ತದೆ. ಬರ್ಡ್ ಐಲೆಂಡಿನಲ್ಲಿ ಇಲಿ ಇಲ್ಲ, ಬೆಕ್ಕಿಲ್ಲ, ಬೇಟೆ ಇಲ್ಲ. ಆದರೂ ಅಲ್ಲಿನ ವಾಂಡರಿಂಗ್ ಆಲ್ಬಟ್ರಾಸ್ 1960ರ ದಶಕಕ್ಕೆ ಹೋಲಿಸಿದರೆ ಅರ್ಧಕ್ಕಿಂತ ಕಡಿಮೆಯಾಗಿದೆ.

ಕಾರಣ ಗಾಳ. ಕಿಲೋಮೀಟರುಗಟ್ಟಲೆ ಉದ್ದದ ಹಗ್ಗಕ್ಕೆ ಸಾವಿರಾರು ಗಾಳ ಕಟ್ಟಿ, ಮೀನಿನ ತುಂಡು ಸಿಕ್ಕಿಸಿ ದೋಣಿಯ ಹಿಂದಿನಿಂದ ಬಿಡುತ್ತಾರೆ. ಅದು ಮುಳುಗುವ ಮೊದಲೇ ಹಕ್ಕಿ ಎರಗುತ್ತದೆ. ಗಾಳ ಗಂಟಲಿಗೆ ಸಿಕ್ಕಿ ಹಗ್ಗದ ಜೊತೆ ಕೆಳಗೆ ಹೋಗಿ ನೀರಲ್ಲಿ ಉಸಿರುಕಟ್ಟಿ ಸಾಯುತ್ತದೆ. 1990ರ ದಶಕದಲ್ಲಿ ಸೌತ್ ಜಾರ್ಜಿಯಾ ಸುತ್ತಲಿನ ಮೀನುಗಾರಿಕೆಯಲ್ಲೇ ವರ್ಷಕ್ಕೆ ಸಾವಿರಾರು ಕಡಲಹಕ್ಕಿ ಹೀಗೆ ಸಾಯುತ್ತಿದ್ದವು. ಆಮೇಲೆ ನಿಯಮ ಬಂತು. ಗಾಳ ಬಿಡುವುದು ರಾತ್ರಿ ಮಾತ್ರ. ಹಗ್ಗಕ್ಕೆ ಭಾರ ಕಟ್ಟಿ ಬೇಗ ಮುಳುಗಿಸಬೇಕು. ಹಕ್ಕಿ ಹತ್ತಿರ ಬರದಂತೆ ದೋಣಿಯ ಹಿಂದೆ ಪಟಪಟ ಅನ್ನುವ ಪಟ್ಟಿಗಳನ್ನು ಇಳಿಬಿಡಬೇಕು. ಹಕ್ಕಿಗಳು ಮರಿ ಸಾಕುವ ಬೇಸಿಗೆಯಲ್ಲಿ ಮೀನು ಹಿಡಿಯುವಂತಿಲ್ಲ. ಕೆಲವೇ ವರ್ಷದಲ್ಲಿ ಸಾವು ಬೆರಳೆಣಿಕೆಗೆ ಇಳಿಯಿತು. ಖರ್ಚೂ ಹೆಚ್ಚಿಲ್ಲದ, ಯಾವ ದೋಣಿಯೂ ಮಾಡಬಹುದಾದ ಕೆಲಸ ಇದು. ಆದರೆ ಆಲ್ಬಟ್ರಾಸ್ ದ್ವೀಪದ ಹತ್ತಿರವೇ ಇರುವ ಹಕ್ಕಿ ಅಲ್ಲ. ಅದರ ನೆಂಟ ಬೂದು ತಲೆಯ ಆಲ್ಬಟ್ರಾಸ್ ಒಂದು ಬರ್ಡ್ ಐಲೆಂಡಿನಿಂದ ಹೊರಟು 46 ದಿನದಲ್ಲಿ ಭೂಮಿಯನ್ನೇ ಸುತ್ತಿದ್ದು ದಾಖಲಾಗಿದೆ. ಈ ನೀರಿನಲ್ಲಿ ಜೋಪಾನವಾಗಿ ಉಳಿಸಿದ ಹಕ್ಕಿ ಸಾವಿರಾರು ಕಿಲೋಮೀಟರ್ ಆಚೆ ಈ ನಿಯಮ ಪಾಲಿಸದ ದೋಣಿಯ ಗಾಳಕ್ಕೆ ಬಲಿಯಾಗುತ್ತದೆ. ನನಗೆ ನಿಜವಾಗಿ ಸಿಟ್ಟು ಬರುವುದು ಇಲ್ಲಿ. ದಾರಿ ಗೊತ್ತಿದೆ, ಸುಲಭವಾಗಿದೆ, ಮಾಡುವುದಿಲ್ಲ.

ಈಗ ದ್ವೀಪಕ್ಕೆ ಹೋಗುವ ಪ್ರವಾಸಿಗಳೂ ಇದ್ದಾರೆ, ವರ್ಷಕ್ಕೆ ಸಾವಿರಾರು. ಅವರನ್ನು ಇಳಿಸುವ ಮೊದಲು ಹಡಗಿನಲ್ಲಿ ಒಂದು ಕೆಲಸ ನಡೆಯುತ್ತದೆ. ಬೂಟಿನ ಅಡಿ ಉಜ್ಜಿ ತೊಳೆಯಬೇಕು. ಜೇಬು, ಚೀಲಗಳಿಗೆ ವ್ಯಾಕ್ಯೂಮ್ ಹಿಡಿಯಬೇಕು. ಜಾಕೆಟ್ಟಿನ ವೆಲ್ಕ್ರೋ ಪಟ್ಟಿಯಲ್ಲಿ ಸಿಕ್ಕಿಕೊಂಡ ಹುಲ್ಲಿನ ಬೀಜಗಳನ್ನು ಚಿಮುಟದಿಂದ ಒಂದೊಂದಾಗಿ ಕೀಳಬೇಕು. ಆಮೇಲೆ ಅಧಿಕಾರಿ ಬಂದು ನೋಡುತ್ತಾರೆ. ಒಂದು ಬೀಜ ಕಂಡರೆ ಮತ್ತೆ ಮೊದಲಿಂದ. ಫಾಕ್ಲೆಂಡ್‌ನಿಂದ ಹೊರಡುವ ಹಡಗುಗಳನ್ನು ನಾಯಿ ಮೂಸಿ ನೋಡುತ್ತದೆ, ಒಳಗೆ ಇಲಿ ಇಲ್ಲ ಅಂತ ಖಾತ್ರಿಯಾಗಲು. ದೂರದಲ್ಲಿದೆ ಅನ್ನುವ ಕಾರಣಕ್ಕೆ ಸೌತ್ ಜಾರ್ಜಿಯಾ ಯಾವತ್ತೂ ಸುರಕ್ಷಿತವಾಗಿರಲಿಲ್ಲ. ಸುರಕ್ಷಿತವಾಗಿ ಇದ್ದಷ್ಟೂ ದಿನ ಅದು ಇಂಥ ಬೇಸರದ, ಪ್ರತಿದಿನದ ಕೆಲಸದಿಂದ.

ಆದರೆ 2023ರ ಅಕ್ಟೋಬರಿನಲ್ಲಿ ಬಂದದ್ದನ್ನು ಯಾವ ಚಿಮುಟವೂ ನಾಯಿಯೂ ತಡೆಯುವಂತಿರಲಿಲ್ಲ. ಬರ್ಡ್ ಐಲೆಂಡಿನ ಸ್ಕೂವಾಗಳಲ್ಲಿ ಹಕ್ಕಿಜ್ವರ ಕಾಣಿಸಿತು. ಎಚ್5ಎನ್1. ದಕ್ಷಿಣ ಅಮೆರಿಕದ ಕಡೆಯಿಂದ ವಲಸೆ ಬರುವ ಹಕ್ಕಿಗಳ ಜೊತೆ ಬಂದಿರಬೇಕು. ಅಲ್ಲಿಂದ ಎಲಿಫೆಂಟ್ ಸೀಲ್‌ಗಳಿಗೆ ಹತ್ತಿತು. ಈ ಜಾತಿಯ ಎಲಿಫೆಂಟ್ ಸೀಲ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಸೌತ್ ಜಾರ್ಜಿಯಾದಲ್ಲೇ. ಒಂದೊಂದು ಗಂಡು ಮೂರು ನಾಲ್ಕು ಟನ್ ತೂಗುತ್ತದೆ. ಬೇಟೆಯ ಕಾಲದಲ್ಲೂ ಇವಕ್ಕೆ ಲೈಸೆನ್ಸ್, ಮಿತಿ ಅಂತ ಇದ್ದದ್ದರಿಂದ ಫರ್ ಸೀಲ್‌ನಂತೆ ಮುಗಿದುಹೋಗಿರಲಿಲ್ಲ. ಬ್ರಿಟಿಷ್ ಅಂಟಾರ್ಕ್ಟಿಕ್ ಸರ್ವೆಯವರು ಮೂರು ದೊಡ್ಡ ಕಡಲತೀರಗಳ ಮೇಲೆ ಡ್ರೋನ್ ಹಾರಿಸಿ, 2022ರ ಮತ್ತು 2024ರ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಎಣಿಸಿದರು. ಮರಿ ಹಾಕಲು ಬಂದ ಹೆಣ್ಣುಗಳು ಶೇಕಡ 47ರಷ್ಟು ಕಡಿಮೆ.

ಬಾರದ ಹೆಣ್ಣುಗಳೆಲ್ಲ ಸತ್ತಿವೆ ಅಂತ ಅರ್ಥವಲ್ಲ. ಹಿಂದಿನ ವರ್ಷ ಮರಿ ಕಳೆದುಕೊಂಡು, ಗಬ್ಬ ಕಟ್ಟದೆ, ಆ ವರ್ಷ ದಡಕ್ಕೆ ಬಾರದೆ ಸಮುದ್ರದಲ್ಲೇ ಉಳಿದವೂ ಇರಬಹುದು. ಹಾಗಿದ್ದರೆ ಮುಂದಿನ ವರ್ಷಗಳಲ್ಲಿ ಅವು ತಿರುಗಿ ಬರಬೇಕು. ಇಲ್ಲದಿದ್ದರೆ ಹೋದದ್ದು ಮರಿ ಹಾಕುವ ವಯಸ್ಸಿನ ತಾಯಂದಿರೇ, ಆ ಜಾಗ ತುಂಬಲು ಹೊಸ ಹೆಣ್ಣುಮರಿಗಳು ಬೆಳೆದು ನಿಲ್ಲಬೇಕು. ಇವೆರಡರಲ್ಲಿ ಯಾವುದು ಅಂತ ತಿಳಿಯಲು ಇರುವ ದಾರಿ ಒಂದೇ. ಪ್ರತಿ ಅಕ್ಟೋಬರಿನಲ್ಲಿ, ಹೆಣ್ಣುಗಳು ದಡದಲ್ಲಿ ಅತಿ ಹೆಚ್ಚು ಇರುವ ಆ ಕೆಲವು ದಿನಗಳಲ್ಲಿ, ಗಾಳಿ ಬಿಡುವು ಕೊಟ್ಟಾಗ ಡ್ರೋನ್ ಹಾರಿಸಿ, ಚಿತ್ರದಲ್ಲಿ ಕಾಣುವ ಒಂದೊಂದು ಸೀಲ್ ಅನ್ನೂ ಮತ್ತೆ ಎಣಿಸುವುದು.